ಬಾನೆಟ್ ಕೆಳಗಿನ ಬಿಸಿ: ಯಾವುದಕ್ಕೆ ಹೊದಿಕೆ, ಯಾವುದಕ್ಕೆ ಗಾಳಿ

2016ರ ಮೇ 20ರಂದು ಅಹಮದಾಬಾದಿನಲ್ಲಿ ಉಷ್ಣಾಂಶ 48 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. 1916ರ ಮೇ ತಿಂಗಳಿನ 47.8 ಡಿಗ್ರಿಯ ದಾಖಲೆ ಸರಿಯಾಗಿ ನೂರು ವರ್ಷ ನಿಂತು ಅಂದು ಮುರಿದುಬಿತ್ತು. ಬೆಂಗಳೂರಿನ 25 ಡಿಗ್ರಿ ಗಾಳಿಯಲ್ಲಿ ಓಡಾಡಿಕೊಂಡಿದ್ದ ಕಾರನ್ನು ಅಂಥದೊಂದು ಮಧ್ಯಾಹ್ನ ಅಹಮದಾಬಾದಿನ ಸಿಗ್ನಲ್‌ನಲ್ಲಿ ನಿಲ್ಲಿಸಿದರೆ ಏನಾಗುತ್ತದೆಂದು ಲೆಕ್ಕ ಹಾಕಿ. ಎಂಜಿನ್ ಒಳಗಿನ ಕೂಲಂಟ್ ಸುಮಾರು 95 ಡಿಗ್ರಿಯಲ್ಲಿರುತ್ತದೆ. ಹೊರಗಿನ ಗಾಳಿಗೂ ಅದಕ್ಕೂ ಬೆಂಗಳೂರಿನಲ್ಲಿ 70 ಡಿಗ್ರಿ ಅಂತರವಿತ್ತು, ಇಲ್ಲಿ ಉಳಿದದ್ದು 47. ರೇಡಿಯೇಟರ್ ಹೊರಹಾಕುವ ಶಾಖ ಹೆಚ್ಚುಕಡಿಮೆ ಈ ಅಂತರವನ್ನೇ ನಂಬಿಕೊಂಡಿದೆ. ಅದೇ ರೇಡಿಯೇಟರ್, ಅದೇ ಫ್ಯಾನ್ ಇದ್ದರೂ ಅದರ ಸಾಮರ್ಥ್ಯದಲ್ಲಿ ಮೂರನೇ ಒಂದು ಭಾಗ ಹೋದಂತೆ.

ಇಂಥ ಊರುಗಳಲ್ಲಿ ಬೇಸಿಗೆ ಬರುತ್ತಿದ್ದಂತೆ ಬಿಡಿಭಾಗಗಳ ಅಂಗಡಿಯಲ್ಲಿ ಎಕ್ಸಾಸ್ಟ್ ಕೊಳವೆಗೆ ಸುತ್ತುವ ಹೀಟ್ ರ‍್ಯಾಪ್, ಚಿನ್ನದ ಬಣ್ಣದ ಟೇಪು, ಬಾನೆಟ್‌ಗೆ ಅಂಟಿಸುವ ಬೆಳ್ಳಿ ಹಾಳೆ ಕಣ್ಣಿಗೆ ಬೀಳುತ್ತವೆ. ಕೊಂಡು ಸುತ್ತಿಬಿಟ್ಟರೆ ಬಿಸಿ ಕಡಿಮೆಯಾಗುತ್ತದೆಂದು ನಂಬಿದವರು ಬಹಳ. ಬೆಂಗಳೂರಿನಿಂದ ಹುಬ್ಬಳ್ಳಿ, ಬೆಳಗಾವಿ, ಪುಣೆ, ಮುಂಬೈ ಹಾದು ಸೂರತ್, ವಡೋದರಾ, ಅಹಮದಾಬಾದಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ನಮ್ಮವರ ಕಾರುಗಳೂ ಓಡಾಡುತ್ತವೆ. ಕೆಲಸದ ಮೇಲೆ ಗುಜರಾತಿನ ಈ ಮೂರು ಊರುಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳೂ ಇವೆ. ಅವರಿಗೂ, ಹೆಚ್ಚುಕಡಿಮೆ ಇಷ್ಟೇ ಬಿಸಿಲು ಕಾಣುವ ಕಲಬುರಗಿ, ರಾಯಚೂರಿನವರಿಗೂ ಮೊದಲೇ ಹೇಳಬೇಕಾದದ್ದು ಒಂದಿದೆ. ಸೋರುವುದನ್ನು ನಿಲ್ಲಿಸಿ, ಕಂಪನಿ ಕೊಟ್ಟ ಬಿಸಿ ತಡೆಯುವ ತಗಡುಗಳನ್ನು ಸ್ವಸ್ಥಾನದಲ್ಲಿ ಕೂರಿಸಿ, ಗಾಳಿಯ ದಾರಿ ಬಿಡಿಸಿ. ಸುತ್ತುವ ಮಾತು ಇವು ಮೂರೂ ಮುಗಿದ ಮೇಲೆ.

ಬಿಸಿ ಎಲ್ಲಿದೆ

ಸುಟ್ಟ ಇಂಧನದ ಶಕ್ತಿಯಲ್ಲಿ ಚಕ್ರಕ್ಕೆ ಹೋಗುವುದು ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗ. ಉಳಿದದ್ದರಲ್ಲಿ ಹೆಚ್ಚುಕಡಿಮೆ ಅರ್ಧ ಕೂಲಂಟ್‌ಗೆ, ಅರ್ಧ ಸೈಲೆನ್ಸರ್ ಕಡೆಗೆ. ಕೂಲಂಟಿನ ಬಿಸಿಗೆ ರೇಡಿಯೇಟರ್ ಎಂಬ ಕಾವಲುಗಾರನಿದ್ದಾನೆ. ಎಂಜಿನ್‌ನಿಂದ ಹೊಗೆ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೆ ಅಂಥ ವ್ಯವಸ್ಥೆ ಇಲ್ಲ. ಅದರ ಮೈ ಸಾಧಾರಣ ಓಟದಲ್ಲೇ 400-500 ಡಿಗ್ರಿ ಮುಟ್ಟುತ್ತದೆ. ಭಾರ ಹೊತ್ತು ವೇಗವಾಗಿ ಓಡುವಾಗ ಇನ್ನೂ ಮೇಲೇರುತ್ತದೆ. ಪೆಟ್ರೋಲ್ ಕಾರಿನ ಟರ್ಬೊ ಕವಚ ಕತ್ತಲೆಯಲ್ಲಿ ಕೆಂಪಗೆ ಕಾಣುವಷ್ಟು ಕಾಯುವುದೂ ಉಂಟು. 2020ರ ಏಪ್ರಿಲ್ 1ರಿಂದ ಬಿಎಸ್-6 ಮಾಲಿನ್ಯ ನಿಯಮ ಬಂದ ಮೇಲೆ ಈ ಸಾಲಿಗೆ ಇನ್ನೂ ಕೆಲವು ಸೇರಿವೆ. ಬೇಗ ಬಿಸಿಯಾಗಲೆಂದು ಕ್ಯಾಟಲಿಟಿಕ್ ಕನ್ವರ್ಟರ್ ಅನ್ನು ಎಂಜಿನ್‌ಗೆ ಒತ್ತಿ ಕೂರಿಸುತ್ತಾರೆ. ಡೀಸೆಲ್ ಕಾರಿನ ಹೊಗೆಯಿಂದ ಮಸಿ ಸೋಸುವ ಡಿಪಿಎಫ್ ತನ್ನೊಳಗಿನ ಮಸಿಯನ್ನು ತಾನೇ ಸುಟ್ಟುಕೊಳ್ಳುವಾಗ ಸುಮಾರು 600 ಡಿಗ್ರಿಗೆ ಏರುತ್ತದೆ.

ಈ ಬಿಸಿ ಅಕ್ಕಪಕ್ಕದ ರಬ್ಬರ್, ವೈರು, ಬ್ಯಾಟರಿಗೆ ಮೂರು ದಾರಿಯಲ್ಲಿ ಬರುತ್ತದೆ. ಲೋಹದಿಂದ ಲೋಹಕ್ಕೆ ಹರಿದು ಬರುವುದು ಒಂದು, ಬಿಸಿ ಗಾಳಿಯಾಗಿ ಸುತ್ತುವುದು ಇನ್ನೊಂದು, ಕಿರಣವಾಗಿ ನೇರ ಎರಗುವುದು ಮೂರನೆಯದು. ಈ ಮೂರನೆಯದನ್ನು ನಾವು ಸಾಮಾನ್ಯವಾಗಿ ಲೆಕ್ಕಕ್ಕೇ ಹಿಡಿಯುವುದಿಲ್ಲ. 500 ಡಿಗ್ರಿಗೆ ಕಾದ, ತುಕ್ಕು ಹಿಡಿದ ಕಬ್ಬಿಣದ ಮೈ ಒಂದು ಚದರ ಮೀಟರಿಗೆ ಸುಮಾರು 16 ಕಿಲೋವ್ಯಾಟ್ ಶಾಖವನ್ನು ಹೊರಸೂಸುತ್ತದೆ. ನಡುಹಗಲಿನ ಸೂರ್ಯನ ಬಿಸಿಲು ಅಷ್ಟೇ ಜಾಗಕ್ಕೆ ಸುರಿಸುವುದು ಸುಮಾರು 1 ಕಿಲೋವ್ಯಾಟ್. ಮ್ಯಾನಿಫೋಲ್ಡಿಗೆ ಮುಖ ಮಾಡಿ ಕೂತ ಒಂದು ಹೋಸ್ ಪೈಪು ಎಷ್ಟು ಬಿಸಿಲನ್ನು ಸಹಿಸುತ್ತಿದೆಯೆಂದು ಇದರಿಂದ ಊಹಿಸಬಹುದು.

ಹೊಳೆಯುವ ಅಲ್ಯೂಮಿನಿಯಂ ಹಾಳೆ ಇಂಥ ಕಿರಣದಲ್ಲಿ ಬಹುಪಾಲನ್ನು ತಿರುಗಿಸಿ ಕಳಿಸುತ್ತದೆ. ಅದಕ್ಕೇ ಕಾರು ಕಂಪನಿಗಳು ಮ್ಯಾನಿಫೋಲ್ಡಿನ ಮೇಲೆ ಒಂದು ತೆಳು ತಗಡನ್ನು ಸ್ವಲ್ಪ ಸಂದು ಬಿಟ್ಟು ಕೂರಿಸುತ್ತವೆ. ಅಹಮದಾಬಾದ್ ನಗರಪಾಲಿಕೆ 2017ರಲ್ಲಿ ಆರಂಭಿಸಿದ ತಂಪು ಛಾವಣಿ ಯೋಜನೆಯಲ್ಲಿ ಬಡವರ ಮನೆಗಳ ಮೇಲೆ ಬಿಳಿ ಸುಣ್ಣ ಬಳಿದದ್ದರ ಹಿಂದೆ ಇರುವುದೂ ಒಳಗೆ ಬರುವ ಮುನ್ನ ಶಾಖವನ್ನು ಹಿಂದಿರುಗಿಸುವ ಇದೇ ವಿಚಾರ. 2010ರ ಮೇ ತಿಂಗಳ ಬಿಸಿಗಾಳಿ ನೂರಾರು ಜೀವಗಳನ್ನು ತೆಗೆದುಕೊಂಡ ಮೇಲೆ ಈ ನಗರ 2013ರಲ್ಲಿ ದಕ್ಷಿಣ ಏಷ್ಯಾದಲ್ಲೇ ಮೊದಲನೆಯದಾದ ಬಿಸಿಗಾಳಿ ಮುಂಜಾಗ್ರತಾ ಯೋಜನೆಯನ್ನು ಮಾಡಿಕೊಂಡಿತು. ತಂಪು ಛಾವಣಿ ಅದರದೇ ಕೊಂಬೆ.

ತಗಡು ಮತ್ತು ಮ್ಯಾನಿಫೋಲ್ಡಿನ ನಡುವಿನ ಸಂದು ತಗಡಿನಷ್ಟೇ ಮುಖ್ಯ. ಅಲುಗಾಡುತ್ತದೆಂದು ತಗಡನ್ನು ಬಡಿದು ಮ್ಯಾನಿಫೋಲ್ಡಿಗೆ ತಾಗಿಸಿದರೆ ಅದೂ ಅಷ್ಟೇ ಬಿಸಿಯಾಗಿ ಕೆಲಸಕ್ಕೆ ಬಾರದಂತಾಗುತ್ತದೆ.

ನ್ಯಾನೊ ಹೇಳಿಕೊಟ್ಟದ್ದು

ಅಹಮದಾಬಾದಿನ ಪಕ್ಕದ ಸಾನಂದ್ ಊರಿನಲ್ಲಿ ಟಾಟಾ ನ್ಯಾನೊ ಕಾರ್ಖಾನೆ ಉದ್ಘಾಟನೆಯಾದದ್ದು 2010ರ ಜೂನ್‌ನಲ್ಲಿ. ಅದೇ ವರ್ಷ ನ್ಯಾನೊ ಬೇರೆಯದೇ ಕಾರಣಕ್ಕೂ ಸುದ್ದಿಯಾಯಿತು. ಮಾರ್ಚ್‌ನಲ್ಲಿ ಮುಂಬೈಯಲ್ಲಿ ಆಗಷ್ಟೇ ಕೊಂಡು ಮನೆಗೆ ಒಯ್ಯುತ್ತಿದ್ದ ನ್ಯಾನೊ ಹೊತ್ತಿಕೊಂಡಿತು. ದೇಶದ ಬೇರೆ ಕಡೆಯಿಂದಲೂ ಅಂಥ ವರದಿಗಳು ಬಂದವು. ಆ ಮೊದಲ ಕಾರುಗಳು ತಯಾರಾದದ್ದು ಉತ್ತರಾಖಂಡದ ಪಂತ್‌ನಗರದಲ್ಲಿ, ಸಾನಂದ್‌ನಲ್ಲಲ್ಲ. ತನಿಖೆ ಮಾಡಿಸಿದ ಕಂಪನಿ, ವಿನ್ಯಾಸದಲ್ಲಿ ದೋಷವಿಲ್ಲ, ಹೊರಗಿನಿಂದ ಸೇರಿಸಿದ ವಿದ್ಯುತ್ ಉಪಕರಣ ಮತ್ತು ಎಕ್ಸಾಸ್ಟ್ ಮೇಲೆ ಬಿದ್ದಿದ್ದ ಹೊರಗಿನ ವಸ್ತು ಕಾರಣ ಎಂದಿತು. ಆದರೂ ನವೆಂಬರ್‌ನಲ್ಲಿ ಅದುವರೆಗೆ ಮಾರಿದ ಕಾರುಗಳಿಗೆ ಎಕ್ಸಾಸ್ಟ್ ಮತ್ತು ವಿದ್ಯುತ್ ವ್ಯವಸ್ಥೆಯಲ್ಲಿ ಹೆಚ್ಚಿನ ರಕ್ಷಣೆಯನ್ನು ಪುಕ್ಕಟೆಯಾಗಿ ಅಳವಡಿಸಿಕೊಡಲು ಮುಂದಾಯಿತು. ಯಾರ ತಪ್ಪು ಎಷ್ಟು ಎಂಬ ವಾದ ಏನೇ ಇರಲಿ, ನಮ್ಮ ಕೆಲಸಕ್ಕೆ ಬೇಕಾದ ಪಾಠ ಆ ಎರಡು ಕಾರಣಗಳಲ್ಲೇ ಇದೆ. ಎಕ್ಸಾಸ್ಟ್ ಮೇಲೆ ಇರಬಾರದ ವಸ್ತು, ಮತ್ತು ಆಮೇಲೆ ಸೇರಿಸಿದ ವೈರು.

ಮೆಕ್ಯಾನಿಕ್ ಕೈ ಒರೆಸಿ ಬಾನೆಟ್ ಒಳಗೇ ಮರೆತ ವೇಸ್ಟ್ ಬಟ್ಟೆ ಎಂಥ ಅಪಾಯ ಎಂದು ಬಿಡಿಸಿ ಹೇಳಬೇಕಿಲ್ಲ. ಸೂರತ್ ಕೃತಕ ನೂಲಿನ ಬಟ್ಟೆಗೆ ದೇಶದ ದೊಡ್ಡ ಕೇಂದ್ರ. ಅಲ್ಲಿ ಕೈಗೆ ಸುಲಭವಾಗಿ ಸಿಗುವ ಚಿಂದಿ ಪಾಲಿಯೆಸ್ಟರಿನದು. ಪಾಲಿಯೆಸ್ಟರ್ ಸುಮಾರು 255-260 ಡಿಗ್ರಿಯಲ್ಲಿ ಕರಗುತ್ತದೆ. 400 ಡಿಗ್ರಿಯ ಕೊಳವೆಗೆ ತಾಗಿದರೆ ಮೊದಲು ಅಂಟುತ್ತದೆ, ಆಮೇಲೆ ಹೊಗೆಯಾಡುತ್ತದೆ. ಸರ್ವಿಸ್‌ನಿಂದ ಗಾಡಿ ಬಂದ ದಿನ ಬಾನೆಟ್ ಎತ್ತಿ ಒಂದು ಸುತ್ತು ನೋಡುವ ರೂಢಿ ಬೆಳೆಸಿಕೊಳ್ಳಿ. ಇಲಿ, ಅಳಿಲು ಕೂಡ ಇದೇ ಕೆಲಸ ಮಾಡುತ್ತವೆ. ಬಾನೆಟ್ ಕೆಳಗಿನ ಮೆತ್ತೆಯನ್ನು ಕಿತ್ತು, ಬೆಚ್ಚಗಿನ ಮ್ಯಾನಿಫೋಲ್ಡಿನ ಪಕ್ಕ ಗೂಡು ಕಟ್ಟುತ್ತವೆ. ಗುಜರಾತಿನಲ್ಲಿ ಜನವರಿ 14ರ ಉತ್ತರಾಯಣದ ಗಾಳಿಪಟ ಹಬ್ಬ ಕಳೆದ ಮೇಲೆ ಇನ್ನೊಂದು ಕೆಲಸವಿದೆ. ರಸ್ತೆಯಲ್ಲಿ ಬಿದ್ದ ಗಾಳಿಪಟದ ಕಾಗದ ಮತ್ತು ಮಾಂಜಾ ದಾರ ಕಾರಿನ ಹೊಟ್ಟೆಗೆ ಸಿಕ್ಕಿಕೊಂಡು ಆಕ್ಸಲ್‌ಗೆ ಸುತ್ತಿ, ಕೆಲವೊಮ್ಮೆ ಸೈಲೆನ್ಸರ್ ಮೇಲೂ ಕೂರುತ್ತವೆ. ಆ ವಾರ ಗಾಡಿಯನ್ನು ಒಮ್ಮೆ ರ‍್ಯಾಂಪ್‌ಗೆ ಏರಿಸಿ ಕೆಳಗಿನಿಂದ ನೋಡಿಸುವುದು ಒಳ್ಳೆಯದು. ಬೇಸಿಗೆಯಲ್ಲಿ ಒಣಹುಲ್ಲಿನ ಮೇಲೆ ನಿಲ್ಲಿಸಬೇಡಿ ಎಂಬ ಎಚ್ಚರಿಕೆ, ಡಿಪಿಎಫ್ ಕಾಯುವುದರಿಂದ, ಬಿಎಸ್-6 ಡೀಸೆಲ್ ಇದ್ದವರಿಗೆ ಎರಡು ಪಟ್ಟು ಹೆಚ್ಚು ಅನ್ವಯಿಸುತ್ತದೆ.

ಮೊದಲು ಸೋರಿಕೆ

ಬಾನೆಟ್ ಕಡೆಯಿಂದ ಸುಟ್ಟ ಎಣ್ಣೆಯ ವಾಸನೆ ಬಂದರೆ ಮೊದಲು ನೋಡಬೇಕಾದದ್ದು ಎಂಜಿನ್ ತಲೆಯ ಮೇಲಿನ ವಾಲ್ವ್ ಕವರ್. ಅದರ ರಬ್ಬರ್ ಪ್ಯಾಕಿಂಗ್ ವರ್ಷಗಟ್ಟಲೆ ಬಿಸಿಗೆ ಕಲ್ಲಾಗಿ ಬಿರಿಯುತ್ತದೆ; ಎಣ್ಣೆ ಜಿನುಗಿ ಪಕ್ಕದ ಮ್ಯಾನಿಫೋಲ್ಡಿಗೆ ಇಳಿಯುತ್ತದೆ. ಇದು ಹಳೆಯ ಕಾರುಗಳಲ್ಲಿ ತೀರ ಸಾಮಾನ್ಯ. ಪ್ಯಾಕಿಂಗ್ ಬದಲಾಯಿಸಲು ಹೆಚ್ಚು ಖರ್ಚಿಲ್ಲ. ಅದನ್ನು ಬಿಟ್ಟು ಮ್ಯಾನಿಫೋಲ್ಡಿಗೆ ಹೀಟ್ ರ‍್ಯಾಪ್ ಸುತ್ತಿಸಿದರೆ, ಆ ಬಟ್ಟೆ ಎಣ್ಣೆ ಕುಡಿದು ದೀಪದ ಬತ್ತಿಯಾಗುತ್ತದೆ. ಹೀಟ್ ರ‍್ಯಾಪ್ ಬಗ್ಗೆ ನನ್ನ ಮೊದಲ ಆಕ್ಷೇಪ ಇದೇ. ಎಣ್ಣೆ, ಪೆಟ್ರೋಲ್, ಬ್ರೇಕ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್ ಯಾವುದೇ ಒಂದು ತೊಟ್ಟಿಕ್ಕುತ್ತಿದ್ದರೂ ಹೊದಿಕೆಯ ಯೋಚನೆ ಬಿಡಿ. ಕೂಲಂಟ್ ನೀರೇ ತಾನೆ ಎಂದೂ ಅಲಕ್ಷಿಸಬಾರದು. ಅದರೊಳಗಿನ ನೀರು ಆವಿಯಾಗಿ ಹೋದ ಮೇಲೆ ಉಳಿಯುವ ಗ್ಲೈಕಾಲ್ ಬಿಸಿ ಲೋಹದ ಮೇಲೆ ಹೊತ್ತಿಕೊಳ್ಳಬಲ್ಲದು.

ಪ್ಯಾಕಿಂಗ್ ಜೊತೆಗೆ ಗ್ಯಾರೇಜಿನವರು ಕೆಂಪು ಅಥವಾ ಬೂದು ಬಣ್ಣದ ಸಿಲಿಕೋನ್ ಅಂಟನ್ನು ಧಾರಾಳವಾಗಿ ಹಚ್ಚುತ್ತಾರೆ. ಅಂಚಿನಿಂದ ಒಳಗೆ ಉಬ್ಬಿದ ಅಂಟು ಮುಂದೊಂದು ದಿನ ಕಿತ್ತು ಆಯಿಲ್ ಜಾಲರಿಗೆ ಸಿಕ್ಕಿ ಎಂಜಿನ್ನನ್ನೇ ಹಾಳುಮಾಡಬಹುದು. ತಯಾರಕರು ಹೇಳಿದ ಮೂಲೆಗಳಿಗೆ ಮಾತ್ರ, ತೆಳುವಾಗಿ ಸಾಕು. ಕೆಂಪು ಸಿಲಿಕೋನ್ 250-300 ಡಿಗ್ರಿಯ ಆಸುಪಾಸಿಗೆ ಮಾಡಿದ್ದು. ಅದನ್ನು ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಸಂದಿಗೆ ಮೆತ್ತಿದರೆ ಕೆಲವೇ ದಿನದಲ್ಲಿ ಪುಡಿಯಾಗುತ್ತದೆ. ಅಲ್ಲಿಗೆ ಬೇಕಿರುವುದು ಲೋಹದ ಪದರದ ಗ್ಯಾಸ್ಕೆಟ್, ಮತ್ತು ಸರಿಯಾದ ಬಿಗಿತದಲ್ಲಿ ಕೂರಿಸಿದ ನಟ್ಟುಗಳು.

ಎಕ್ಸಾಸ್ಟ್ ಸೋರಿಕೆಯನ್ನು ಕಿವಿಯಿಂದಲೇ ಹಿಡಿಯಬಹುದು. ಬೆಳಿಗ್ಗೆ ತಣ್ಣಗಿದ್ದಾಗ ಎಂಜಿನ್ ಚಾಲೂ ಮಾಡಿದರೆ ಟಿಕ್ ಟಿಕ್ ಎಂದು ಸದ್ದು ಬರುತ್ತದೆ, ಲೋಹ ಬಿಸಿಯಾಗಿ ಹಿಗ್ಗಿದಂತೆ ಕಡಿಮೆಯಾಗುತ್ತದೆ. ಸೋರುವ ಜಾಗದಲ್ಲಿ ಕಪ್ಪು ಮಸಿಯ ಗೆರೆ ಇರುತ್ತದೆ. ಆ ಸಂದಿನಿಂದ ಬರುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಎಂಜಿನ್ ಕೋಣೆಗೂ ನಾವು ಕೂರುವ ಜಾಗಕ್ಕೂ ನಡುವಿನ ಗೋಡೆಯಲ್ಲಿ ವೈರು ದಾಟಿಸುವ ರಂಧ್ರಗಳಿರುತ್ತವೆ. ಪ್ರತಿ ರಂಧ್ರಕ್ಕೂ ರಬ್ಬರ್ ಗ್ರೊಮೆಟ್ ಇರಬೇಕು. ಮ್ಯೂಸಿಕ್ ಸಿಸ್ಟಮ್, ಹೆಚ್ಚುವರಿ ಹಾರ್ನ್, ಫಾಗ್ ಲೈಟ್ ಹಾಕುವವರು ಹೊಸ ರಂಧ್ರ ಕೊರೆದು ಹಾಗೇ ಬಿಟ್ಟುಹೋಗುತ್ತಾರೆ. ಆ ರಂಧ್ರದಿಂದ ಬಿಸಿ ಬರುತ್ತದೆ, ಸದ್ದು ಬರುತ್ತದೆ, ಸೋರಿಕೆ ಇದ್ದರೆ ವಿಷಗಾಳಿಯೂ ಬರುತ್ತದೆ. ಮೇ ತಿಂಗಳಲ್ಲಿ ಏಸಿಗಾಗಿ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಎಂಜಿನ್ ಓಡಿಸಿಕೊಂಡು ಮಕ್ಕಳನ್ನು ಕೂರಿಸಿ ಕಾಯುವವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಕಾಲಿನ ಬಳಿ ಬಿಸಿ ಹೆಚ್ಚು ಎಂದು ದೂರುವ ಎಷ್ಟೋ ಕಾರುಗಳಲ್ಲಿ ನಿಜವಾದ ಮದ್ದು ಹತ್ತಿಪ್ಪತ್ತು ರೂಪಾಯಿಯ ಒಂದು ಗ್ರೊಮೆಟ್.

ಇನ್ನೊಂದು ಬಗೆಯ ಸೀಲಿಂಗ್ ಇದೆ. ಅದು ಗಾಳಿಯದು. ರೇಡಿಯೇಟರಿನ ಎರಡು ಬದಿಗೂ ಮೇಲೂ ಫೋಮ್ ಪಟ್ಟಿಗಳು, ಪ್ಲಾಸ್ಟಿಕ್ ಹಲಗೆಗಳು ಇರುತ್ತವೆ. ಮುಂದಿನ ಜಾಲರಿಯಿಂದ ಬಂದ ಗಾಳಿ ರೇಡಿಯೇಟರಿನ ಮೂಲಕವೇ ಹಾದು ಹೋಗಲಿ, ಹಿಂದೆ ಹೋದ ಬಿಸಿ ಗಾಳಿ ಸುತ್ತಿಕೊಂಡು ಮತ್ತೆ ಮುಂದೆ ಬರದಿರಲಿ ಎಂದು ಅವನ್ನಿಟ್ಟಿದ್ದಾರೆ. ಕೆಲವು ವರ್ಷದಲ್ಲಿ ಫೋಮ್ ಪುಡಿಯಾಗುತ್ತದೆ. ಸಣ್ಣ ಡಿಕ್ಕಿಯಾಗಿ ಬಂಪರ್ ಬಿಚ್ಚಿದ ಮೇಲೆ ಹಲಗೆಗಳು ಮರಳಿ ಸೇರುವುದೇ ಇಲ್ಲ. ಎತ್ತರದ ಸ್ಪೀಡ್ ಬ್ರೇಕರ್ ತಾಗಿ ಎಂಜಿನ್ ಅಡಿಯ ಕವರ್ ಕಳಚಿದರೆ ಯಾರೂ ಹೊಸದು ಹಾಕಿಸುವುದಿಲ್ಲ. ಪರಿಣಾಮ ಗೊತ್ತಾಗುವುದು ಸಿಗ್ನಲ್‌ನಲ್ಲಿ. ಓಡುವಾಗ ಚೆನ್ನಾಗಿ ತಂಪು ಕೊಡುವ ಏಸಿ, ನಿಂತಾಗ ಬೆಚ್ಚಗಾಗುತ್ತದೆ. ಉಷ್ಣಾಂಶದ ಮುಳ್ಳು ಮೆಲ್ಲಗೆ ಏರುತ್ತದೆ. ಗ್ಯಾಸ್ ಕಡಿಮೆಯಾಗಿದೆ ಎಂದು ಏಸಿ ಅಂಗಡಿಯವನು ತುಂಬಿಸಿ ಕಳಿಸುತ್ತಾನೆ, ಸಮಸ್ಯೆ ಹಾಗೇ ಉಳಿಯುತ್ತದೆ. ಅಹಮದಾಬಾದಿನ ಬೇಸಿಗೆಗೆ ನಾನು ಒಂದೇ ಒಂದು ಕೆಲಸ ಸೂಚಿಸಬೇಕಾದರೆ, ಹೊದಿಕೆಯಲ್ಲ, ಈ ಪಟ್ಟಿಗಳನ್ನು ಹೊಸದಾಗಿ ಹಾಕಿಸಿ, ರೇಡಿಯೇಟರ್ ಮತ್ತು ಏಸಿ ಕಂಡೆನ್ಸರ್ ನಡುವಿನ ಕಸವನ್ನು ಮೆಲುವಾದ ನೀರಿನ ಧಾರೆಯಿಂದ ತೊಳೆಸಿ ಎನ್ನುತ್ತೇನೆ. ಎಂಜಿನ್ ತಣ್ಣಗಿರುವಾಗ ತೊಳೆಯಿರಿ. ಕಾದ ಮ್ಯಾನಿಫೋಲ್ಡಿಗೆ ಪ್ರೆಶರ್ ನೀರು ಹೊಡೆದರೆ ಎರಕದ ಕಬ್ಬಿಣ ಬಿರುಕು ಬಿಡಬಹುದು.

ಏನನ್ನು ಹೊದಿಸಬೇಕು

ಕಂಪನಿಯ ಹೀಟ್ ಶೀಲ್ಡ್ ಸಡಿಲವಾಗಿದ್ದರೆ ಕಡಿಮೆ ವೇಗದಲ್ಲಿ ತಗಡು ನಡುಗುವ ಸದ್ದು ಬರುತ್ತದೆ. ಬಹಳ ಗ್ಯಾರೇಜುಗಳಲ್ಲಿ ಪರಿಹಾರ ಅಂದರೆ ಕಿತ್ತು ಬಿಸಾಡುವುದು. ದಯವಿಟ್ಟು ಅದಕ್ಕೆ ಒಪ್ಪಬೇಡಿ. ಬೋಲ್ಟ್ ಸುತ್ತ ತುಕ್ಕು ತಿಂದು ರಂಧ್ರ ದೊಡ್ಡದಾಗಿದ್ದರೆ ಅಗಲವಾದ ಸ್ಟೇನ್‌ಲೆಸ್ ವಾಷರ್ ಇಟ್ಟು ಬಿಗಿಸಬಹುದು. ಕೊಳವೆಯ ಸುತ್ತ ಇರುವ ತಗಡಾದರೆ ಸ್ಟೇನ್‌ಲೆಸ್ ಕ್ಲ್ಯಾಂಪ್ ಸಾಕು. ಹೊಸ ತಗಡು ಮಾಡಿಸಬೇಕಾದರೆ ಅಲ್ಯೂಮಿನಿಯಂ ಲೇಪಿತ ಉಕ್ಕು ಅಥವಾ ಸ್ಟೇನ್‌ಲೆಸ್ ಕೇಳಿ. ಸತು ಲೇಪಿತ ಜಿಐ ತಗಡು ಎಕ್ಸಾಸ್ಟ್ ಬಿಸಿಗೆ ತಕ್ಕದ್ದಲ್ಲ. ಅಪ್ಪಟ ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗುತ್ತದೆ, ಹಾಗಾಗಿ ಟರ್ಬೊಗೆ ತಾಗುವಂತೆ ಅದನ್ನು ಬಳಸಬಾರದು. ಎಲ್ಲೇ ಆದರೂ ಸುಮಾರು ಒಂದು ಸೆಂಟಿಮೀಟರ್ ಸಂದು ಬಿಡಿಸಿ.

ಬಿಸಿ ಕೊಡುವ ಕಡೆ ಲೋಹದ ತಗಡು, ಬಿಸಿ ತಿನ್ನುವ ಕಡೆ ಹೊಳೆಯುವ ತೋಳು. ಇದನ್ನು ನೆನಪಿಟ್ಟುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಮ್ಯಾನಿಫೋಲ್ಡ್ ಸಮೀಪ ಹಾಯುವ ವೈರಿಂಗ್‌ಗೆ ಅಲ್ಯೂಮಿನಿಯಂ ಮುಖದ ಗ್ಲಾಸ್ ಫೈಬರ್ ತೋಳು ಹಾಕಬಹುದು. ಸಾಧಾರಣ ಪಿವಿಸಿ ವೈರಿನ ಹೊದಿಕೆ 70ರಿಂದ 105 ಡಿಗ್ರಿಯವರೆಗಷ್ಟೇ ತಡೆಯುತ್ತದೆ. ಇಂಧನದ ಹೋಸ್ ಮತ್ತು ಬ್ರೇಕ್ ಹೋಸ್‌ಗಳಿಗೆ ಸಿಲಿಕೋನ್ ಲೇಪಿತ ಗ್ಲಾಸ್ ಫೈಬರ್ ತೋಳು ಸೂಕ್ತ. ಅದು ಸುಮಾರು 260 ಡಿಗ್ರಿಯವರೆಗೆ ನಿರಂತರ ಬಿಸಿ ತಡೆಯುತ್ತದೆ. ಆದರೆ ತೋಳು ಹಾಕುವ ಮುನ್ನ ಹೋಸ್ ಹೊಸದಿರಲಿ. ಬಿರುಕುಬಿಟ್ಟ ಹೋಸಿನ ಮೇಲೆ ತೋಳು ಹಾಕಿದರೆ ಸೋರಿಕೆ ಕಣ್ಣಿಗೆ ಕಾಣದಂತಾಗುತ್ತದೆ. ರಬ್ಬರ್, ಬ್ಯಾಟರಿಗಳ ವಿಷಯದಲ್ಲಿ ಎಂಜಿನಿಯರುಗಳು ಬಳಸುವ ಒಂದು ಸ್ಥೂಲ ಲೆಕ್ಕವಿದೆ. ಉಷ್ಣಾಂಶ 10 ಡಿಗ್ರಿ ಏರಿದರೆ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಬ್ಯಾಟರಿಯ ಸುತ್ತ ಕಂಪನಿ ಕೊಟ್ಟ ಪ್ಲಾಸ್ಟಿಕ್ ಪೆಟ್ಟಿಗೆ ಅಥವಾ ಫೆಲ್ಟ್ ಕವಚವನ್ನು, ಹೊಸ ಬ್ಯಾಟರಿ ಹಾಕುವಾಗ ಅಂಗಡಿಯವರು ಎಸೆಯದಂತೆ ನೋಡಿಕೊಳ್ಳಬೇಕಾದದ್ದು ಇದಕ್ಕೇ. ಬ್ಯಾಟರಿ ಟರ್ಮಿನಲ್ ಬಳಿ ಬೆಳ್ಳಿ ಹಾಳೆ ಅಂಟಿಸಬೇಡಿ. ಅದು ಲೋಹ, ಶಾರ್ಟ್ ಆದರೆ ಬೆಂಕಿ.

ಇನ್ನು ಹೀಟ್ ರ‍್ಯಾಪ್. ಗ್ಲಾಸ್ ಫೈಬರಿನದು ಸುಮಾರು 550, ಬಸಾಲ್ಟ್ ಕಲ್ಲಿನ ನೂಲಿನದು ಸುಮಾರು 650 ಡಿಗ್ರಿವರೆಗೆ ನಿಲ್ಲುತ್ತದೆ. ಡಬ್ಬಿಯ ಮೇಲೆ ಬರೆದಿರುವ ದೊಡ್ಡ ಸಂಖ್ಯೆ ಹಲವು ಸಲ ಕ್ಷಣಕಾಲದ ಮಿತಿಯಾಗಿರುತ್ತದೆ, ನಿರಂತರ ಮಿತಿಯಲ್ಲ. ಮ್ಯಾನಿಫೋಲ್ಡಿನಿಂದ ಕೆಳಗಿಳಿಯುವ ಸ್ಟೇನ್‌ಲೆಸ್ ಕೊಳವೆಗೆ, ತಗಡು ಕೂರಿಸಲು ಜಾಗವೇ ಇಲ್ಲದ ಕಡೆ, ಅಗಲದ ಕಾಲುಭಾಗ ಒಂದರ ಮೇಲೊಂದು ಬರುವಂತೆ ಸುತ್ತಿ ಸ್ಟೇನ್‌ಲೆಸ್ ಪಟ್ಟಿಯಿಂದ ಬಿಗಿಯಬಹುದು. ಎರಕದ ಕಬ್ಬಿಣದ ಮ್ಯಾನಿಫೋಲ್ಡಿಗೆ ಸುತ್ತಬೇಡಿ. ಶಾಖ ಒಳಗೇ ಉಳಿದು ಲೋಹ ಬಿರಿಯಬಹುದು. ಕ್ಯಾಟಲಿಟಿಕ್ ಕನ್ವರ್ಟರ್, ಡಿಪಿಎಫ್, ಆಕ್ಸಿಜನ್ ಸೆನ್ಸರ್, ಬಾಗುವ ಬೆಲ್ಲೋಸ್ ತುಂಡು ಇವುಗಳನ್ನು ಮುಟ್ಟಲೇಬೇಡಿ. ಗಾಡಿ ವಾರಂಟಿಯಲ್ಲಿದ್ದರೆ ಅಧಿಕೃತ ಸರ್ವಿಸ್ ಕೇಂದ್ರವನ್ನು ಕೇಳದೆ ಯಾವುದನ್ನೂ ಸುತ್ತಿಸಬೇಡಿ.

ಸೂರತ್‌ನಲ್ಲಿ ನಾನು ರ‍್ಯಾಪ್ ಸಲಹೆ ಕೊಡುವುದಿಲ್ಲ. ಸಮುದ್ರ ಹತ್ತಿರ, ಗಾಳಿಯಲ್ಲಿ ಉಪ್ಪು, ಮಳೆಗಾಲದುದ್ದಕ್ಕೂ ತೇವ. ನೂಲಿನ ಬಟ್ಟೆ ತೇವ ಹಿಡಿದಿಟ್ಟು ಒಳಗಿನ ಕೊಳವೆಯನ್ನು ತುಕ್ಕಿಗೆ ಒಪ್ಪಿಸುತ್ತದೆ, ಅದೂ ಹೊರಗೆ ಕಾಣದಂತೆ. ಮಂಗಳೂರು, ಉಡುಪಿ, ಕಾರವಾರದವರಿಗೂ ಇದೇ ಮಾತು. ಅಲ್ಲಿ ತಗಡೇ ಸರಿ.

ಎಂಜಿನ್ ಬ್ಲಾಕ್, ಗೇರ್‌ಬಾಕ್ಸ್, ಆಲ್ಟರ್ನೇಟರ್, ರೇಡಿಯೇಟರ್ ಹೋಸ್ ಇವೆಲ್ಲ ತಣ್ಣಗಾಗಬೇಕಾದ ಭಾಗಗಳು. ಇವಕ್ಕೆ ಹೊದಿಕೆ ಬೇಡ, ಗಾಳಿ ಬೇಕು. ಬಾನೆಟ್ ಅಡಿಗೆ ಮೆತ್ತೆ ಬೇಕಾದರೆ ಆ ಮಾಡೆಲ್‌ಗೆಂದೇ ಮಾಡಿದ್ದನ್ನು ಕ್ಲಿಪ್ ಸಮೇತ ಕೊಳ್ಳಿ. ಮನೆಯ ತಾರಸಿಗೆ ಹಾಕಿ ಉಳಿದ ಬೆಳ್ಳಿಮುಖದ ಫೋಮ್ ಹಾಳೆ ಅಥವಾ ಥರ್ಮೋಕೋಲನ್ನು ಬಾನೆಟ್‌ಗೆ ಅಂಟಿಸಬಾರದು. ಥರ್ಮೋಕೋಲ್ 100 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ; ಎರಡೂ ಕರಗಿ ಮ್ಯಾನಿಫೋಲ್ಡಿನ ಮೇಲೆ ಹನಿದರೆ ಉರಿಯುತ್ತವೆ.

ಆಸ್ಬೆಸ್ಟಾಸ್ ಬೇಡ

ಬಾಯ್ಲರ್, ಕುಲುಮೆಗೆಂದು ಮಾರುವ ಬಿಳಿ ಹಗ್ಗ, ಬಿಳಿ ಹಾಳೆ ಅಗ್ಗದಲ್ಲಿ ಸಿಗುತ್ತವೆ. ಅವುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಹಳೆಯ ಕಾರುಗಳ ಗ್ಯಾಸ್ಕೆಟ್‌ನಲ್ಲೂ ಅದು ಇದ್ದೀತು. ಅದರ ಸೂಕ್ಷ್ಮ ನಾರು ಶ್ವಾಸಕೋಶ ಸೇರಿದರೆ ಅನೇಕ ವರ್ಷಗಳ ನಂತರ ಆಸ್ಬೆಸ್ಟೋಸಿಸ್, ಕ್ಯಾನ್ಸರ್ ಬರಬಹುದು. ಇದನ್ನು ಅಹಮದಾಬಾದಿನ ನೆಲದಲ್ಲಿ ನಿಂತು ಹೇಳುವುದಕ್ಕೆ ಕಾರಣವಿದೆ. ಕಾರ್ಮಿಕರ ಕಾಯಿಲೆಗಳನ್ನು ಅಧ್ಯಯನ ಮಾಡುವ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಇರುವುದು ಈ ನಗರದ ಮೇಘಾನಿನಗರದಲ್ಲಿ. ಆಸ್ಬೆಸ್ಟಾಸ್ ಕೆಲಸಗಾರರ ಶ್ವಾಸಕೋಶಗಳನ್ನು ಅದು ಪರೀಕ್ಷಿಸಿದೆ. ಇದೇ ನಗರದ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಆ ಕೆಲಸಗಾರರ ಪರವಾಗಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. 1995ರ ಜನವರಿಯಲ್ಲಿ ಬಂದ ತೀರ್ಪು, ಕಾರ್ಮಿಕನ ಆರೋಗ್ಯದ ಹಕ್ಕು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೇ ಇದೆ ಎಂದಿತು. ಗ್ಯಾರೇಜಿನಲ್ಲಿ ನಿಮ್ಮ ಕಾರಿನ ಹಳೆಯ ಗ್ಯಾಸ್ಕೆಟ್ ಅನ್ನು ಉಜ್ಜಿ, ಗಾಳಿ ಹೊಡೆದು ಧೂಳೆಬ್ಬಿಸುವ ಹುಡುಗನೂ ಆ ಮಾತಿಗೆ ಸೇರಿದವನೇ. ಒದ್ದೆ ಮಾಡಿ ಕೆರೆಯಲು ಹೇಳಿ, ಅವನಿಗೊಂದು ಒಳ್ಳೆಯ ಮಾಸ್ಕ್ ಕೊಡಿಸಿ. ಕುಲುಮೆಗೆ ಬಳಸುವ ಸೆರಾಮಿಕ್ ಫೈಬರ್ ಕಂಬಳಿಯೂ ನಿರಪಾಯಕಾರಿಯಲ್ಲ. ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆಯುಳ್ಳ ವಸ್ತುಗಳ ಪಟ್ಟಿಯಲ್ಲಿ ಅದಿದೆ. ಬಿಡಿ ನಾರು ಗಾಳಿಗೆ ತೆರೆದಿರುವ ಯಾವುದನ್ನೂ ಬಾನೆಟ್ ಒಳಗೆ ಇಡಬೇಡಿ. ಗ್ಲಾಸ್ ಫೈಬರ್ ರ‍್ಯಾಪ್ ಸುತ್ತುವಾಗಲೂ ಕೈಗವಸು, ಉದ್ದ ತೋಳು, ಮಾಸ್ಕ್ ಇರಲಿ. ಮೊದಲ ಸಲ ಎಂಜಿನ್ ಓಡಿಸಿದಾಗ ರ‍್ಯಾಪ್ ಹೊಗೆಯಾಡುತ್ತದೆ, ಬಯಲಿನಲ್ಲೇ ಓಡಿಸಿ.

ಸಿಎನ್‌ಜಿ ಇದ್ದರೆ

ದೇಶದಲ್ಲಿ ಸಿಎನ್‌ಜಿ ಪಂಪುಗಳು ಹೆಚ್ಚಿರುವ ರಾಜ್ಯಗಳಲ್ಲಿ ಗುಜರಾತ್ ಒಂದು. ಇಲ್ಲಿ ಕಾರು ಕೊಳ್ಳುವವರಲ್ಲಿ ಬಹಳ ಮಂದಿ ಸಿಎನ್‌ಜಿಯತ್ತಲೇ ನೋಡುತ್ತಾರೆ. ಸಿಲಿಂಡರಿನಲ್ಲಿ ಅನಿಲ ಸುಮಾರು 200 ಬಾರ್ ಒತ್ತಡದಲ್ಲಿರುತ್ತದೆ. ಅಲ್ಲಿಂದ ಬಂದ ಸ್ಟೇನ್‌ಲೆಸ್ ಕೊಳವೆ ಎಂಜಿನ್ ಕೋಣೆಯಲ್ಲಿ ಒತ್ತಡ ಇಳಿಸುವ ರಿಡ್ಯೂಸರ್ ಸೇರುತ್ತದೆ. ಒತ್ತಡ ಇಳಿಯುವಾಗ ಅನಿಲ ವಿಪರೀತ ತಣ್ಣಗಾಗುವುದರಿಂದ, ರಿಡ್ಯೂಸರ್ ಹೆಪ್ಪುಗಟ್ಟದಿರಲೆಂದು ಅದರೊಳಗೆ ಬಿಸಿ ಕೂಲಂಟ್ ಹರಿಸುತ್ತಾರೆ. ಹಾಗಾಗಿ ರಿಡ್ಯೂಸರ್ ಬೆಚ್ಚಗಿದೆ ಎಂದು ಹೊದಿಕೆ ಹಾಕಬೇಕಿಲ್ಲ. ಅನಿಲದ ಕೀಲುಗಳನ್ನಂತೂ ಟೇಪು, ತೋಳು ಯಾವುದರಿಂದಲೂ ಮುಚ್ಚಬಾರದು. ಸೋರಿದ ಅನಿಲ ಗಾಳಿಗಿಂತ ಹಗುರ, ಮೇಲೆದ್ದು ಚದುರಿಹೋಗಲು ಅದಕ್ಕೆ ಜಾಗ ಬೇಕು. ಹೊರಗೆ ಹಾಕಿಸಿದ ಕಿಟ್ ಆದರೆ ಅದರ ವೈರು, ಕೂಲಂಟ್ ಹೋಸ್‌ಗಳು ಮ್ಯಾನಿಫೋಲ್ಡಿನಿಂದ ದೂರ ಹಾಯ್ದಿವೆಯೇ, ಕ್ಲಿಪ್ ಹಾಕಿ ಕಟ್ಟಿದ್ದಾರೆಯೇ ಎಂದು ನೋಡಿಸಿ. ಕಿಟ್‌ ಅನ್ನು ಆರ್‌ಸಿಯಲ್ಲಿ ನಮೂದಿಸಿರಬೇಕು, ಸಿಲಿಂಡರನ್ನು 3 ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ ಮಾಡಿಸಿರಬೇಕು.

ನೆರೆ ಇಳಿದ ಮೇಲೆ

2006ರ ಆಗಸ್ಟ್‌ನಲ್ಲಿ ಉಕೈ ಅಣೆಕಟ್ಟಿನ ನೀರು ಬಿಟ್ಟು ತಾಪಿ ನದಿ ಉಕ್ಕಿದಾಗ ಸೂರತ್ ನಗರದ ಬಹುಭಾಗ ಮುಳುಗಿತ್ತು. 2024ರ ಆಗಸ್ಟ್‌ನಲ್ಲಿ ವಿಶ್ವಾಮಿತ್ರಿ ನದಿ ವಡೋದರಾದ ಬಡಾವಣೆಗಳಿಗೆ ನುಗ್ಗಿ ಅಪಾರ ಸಂಖ್ಯೆಯ ಕಾರುಗಳು ನೀರಿನಲ್ಲಿ ನಿಂತವು. ಅಂಥ ಕಾರಿಗೆ ಎಂಜಿನ್ ದುರಸ್ತಿಯಾದರೂ ಹೊದಿಕೆಗಳನ್ನು ಯಾರೂ ಗಮನಿಸುವುದಿಲ್ಲ. ಬಾನೆಟ್ ಮೆತ್ತೆ, ಎಂಜಿನ್ ಗೋಡೆಗೆ ಅಂಟಿದ ಫೆಲ್ಟ್, ಶೀಲ್ಡಿನ ಎರಡು ತಗಡುಗಳ ನಡುವಿನ ನಾರು ಕೆಸರು ಕುಡಿದು ತಿಂಗಳುಗಟ್ಟಲೆ ಒದ್ದೆಯಾಗಿರುತ್ತವೆ. ವೈರಿನ ಕನೆಕ್ಟರುಗಳು ಹಸಿರುಗಟ್ಟುತ್ತವೆ, ಒಳಗೆ ಬೂಷ್ಟು ವಾಸನೆ ಬರುತ್ತದೆ. ಇವನ್ನು ಒಣಗಿಸಿ ಮತ್ತೆ ಹಾಕುವುದು ವ್ಯರ್ಥ. ವಿಮೆಯ ಅಂದಾಜು ಪಟ್ಟಿಯಲ್ಲಿ ಹೊಸ ಮೆತ್ತೆ, ಹೊಸ ಫೆಲ್ಟ್ ಎಂದು ಬರೆಸಿಕೊಳ್ಳಿ. ಗುಜರಾತ್ ನೋಂದಣಿಯ ಸೆಕೆಂಡ್ ಹ್ಯಾಂಡ್ ಕಾರನ್ನು ಕರ್ನಾಟಕದಲ್ಲಿ ಕೊಳ್ಳುವವರು ಗೋಡೆಯ ಫೆಲ್ಟ್ ಹಿಂದೆ ಬೆರಳಾಡಿಸಿ ನೋಡಿ. ಒಣಗಿದ ನಯವಾದ ಕೆಸರು ಸಿಕ್ಕರೆ ಗಾಡಿ ಮುಳುಗಿದ್ದಿರಬೇಕು.

ಕೆಲಸವಾಯಿತೇ ಎಂದು ತಿಳಿಯಲು

ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದನ್ನು ಇಟ್ಟುಕೊಂಡರೆ ಊಹೆಯ ಮಾತಿಲ್ಲ. ಹೊದಿಸುವ ಮುನ್ನವೂ ನಂತರವೂ, ಒಂದೇ ರಸ್ತೆಯಲ್ಲಿ ಅಷ್ಟೇ ಹೊತ್ತು ಓಡಿಸಿ, ಹೋಸ್, ವೈರು, ಬ್ಯಾಟರಿ ಪೆಟ್ಟಿಗೆಯ ಮೇಲೆ ಅಳೆಯಿರಿ. ಹೊಳೆಯುವ ಲೋಹದ ಮೇಲೆ ಈ ಉಪಕರಣ ನಿಜಕ್ಕಿಂತ ತೀರ ಕಡಿಮೆ ತೋರಿಸುತ್ತದೆ. ಅಲ್ಲೊಂದು ಕಡೆ ಬಿಸಿ ತಡೆಯುವ ಕಪ್ಪು ಮ್ಯಾಟ್ ಬಣ್ಣದ ಬೊಟ್ಟಿಟ್ಟು ಅದರ ಮೇಲೆ ಅಳೆಯಬೇಕು. ಮುಟ್ಟಿ ನೋಡುವ ಸಾಹಸ ಬೇಡ. ಎಂಜಿನ್ ಆರಿಸಿದ ಮೇಲೆ ಫ್ಯಾನ್ ಮತ್ತು ಗಾಳಿ ನಿಂತು ಬಾನೆಟ್ ಒಳಗಿನ ಬಿಸಿ ಸ್ವಲ್ಪ ಹೊತ್ತು ಏರುತ್ತದೆ. ಅಹಮದಾಬಾದ್–ವಡೋದರಾ ನಡುವಿನ 93 ಕಿಲೋಮೀಟರ್ ಎಕ್ಸ್‌ಪ್ರೆಸ್‌ವೇಯಲ್ಲಿ ವೇಗವಾಗಿ ಬಂದು ಟೋಲ್ ದಾಟಿದೊಡನೆ ಟರ್ಬೊ ಕಾರನ್ನು ಆರಿಸಬೇಡಿ. ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟರೆ ಟರ್ಬೊ ಬೇರಿಂಗಿನ ಎಣ್ಣೆ ಸುಟ್ಟು ಕರಿಯಾಗುವುದು ತಪ್ಪುತ್ತದೆ.

ಇಷ್ಟೆಲ್ಲ ಮಾಡಿಯೂ ಬಾನೆಟ್ ಸಂದಿನಿಂದ ಹೊಗೆ ಬಂದರೆ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ, ಎಲ್ಲರೂ ಇಳಿದು ದೂರ ಹೋಗಿ, 101 ಅಥವಾ 112ಕ್ಕೆ ಕರೆ ಮಾಡಿ. ಬಾನೆಟ್ ಪೂರ್ತಿ ಎತ್ತಬೇಡಿ. ಒಮ್ಮೆಲೇ ಗಾಳಿ ನುಗ್ಗಿದರೆ ಜ್ವಾಲೆ ಮುಖಕ್ಕೇ ಬರುತ್ತದೆ. ಬೆಂಕಿ ಸಣ್ಣದಿದ್ದು, ನಿಮ್ಮ ಹಿಂದೆ ಓಡುವ ದಾರಿ ತೆರೆದಿದ್ದರೆ ಮಾತ್ರ ಬಾನೆಟ್ಟಿನ ಸಂದಿನೊಳಗೆ ಒಣಪುಡಿಯ ಎಕ್ಸ್‌ಟಿಂಗ್ವಿಷರ್ ಹೊಡೆಯಿರಿ. 1 ಕಿಲೋದ ಎಬಿಸಿ ಮಾದರಿಯದು ಸೀಟಿನ ಕೆಳಗೆ ಹಿಡಿಸುತ್ತದೆ. ಡಿಕ್ಕಿಯಲ್ಲಿ ಇಡಬೇಡಿ, ಚಾಲಕನ ಕೈಗೆ ಸಿಗುವಲ್ಲಿ ಇಡಿ, ಒತ್ತಡದ ಮುಳ್ಳು ಹಸಿರು ಪಟ್ಟಿಯಲ್ಲಿದೆಯೇ ಎಂದು ಪ್ರತಿ ಸರ್ವಿಸ್‌ಗೂ ನೋಡಿ.